ಬೀಜದ ಪಾಕೀಟಿನ ಮೊಹರು

ಮುಚ್ಚಿದ ಡಬ್ಬಿ, ಚೀಲ ಅಥವಾ ಪಾಕೀಟನ್ನು ನಡುದಾರಿಯಲ್ಲಿ ಯಾರೂ ಬಿಚ್ಚಿಲ್ಲ ಎಂದು ಕೊಳ್ಳುವವರಿಗೆ ತಿಳಿಸುವ ಗುರುತೇ ಮೊಹರು. ಅರಗು, ಸೀಸದ ಬಿಲ್ಲೆ, ಹೊಲಿಗೆ, ಕಾವು ಕೊಟ್ಟು ಅಂಟಿಸಿದ ಪ್ಲಾಸ್ಟಿಕ್ ಅಂಚು, ಕಿತ್ತರೆ ಹರಿಯುವ ಸ್ಟಿಕ್ಕರ್, ಹೊಲೊಗ್ರಾಂ, ಕ್ಯೂಆರ್ ಕೋಡ್ ಎಲ್ಲವೂ ಇದರ ರೂಪಗಳು. ಔಷಧ, ಆಟಿಕೆ, ಆಹಾರ, ಮತಯಂತ್ರ, ಪ್ರಶ್ನೆಪತ್ರಿಕೆ ಹೀಗೆ ಎಲ್ಲೆಡೆ ಇದರ ಬಳಕೆಯಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಡುವಿನ ಅಗಡಿ ಸೀಮೆಯಲ್ಲಿ ಮಾತ್ರ ಮೊಹರಿನ ಪ್ರಶ್ನೆ ಹೆಚ್ಚಾಗಿ ಏಳುವುದು ಬಿತ್ತನೆ ಬೀಜದ ವಿಷಯದಲ್ಲಿ. ಆಟಿಕೆಯ ಡಬ್ಬಿ ಮೋಸವಾದರೆ ಮನೆಗೆ ಬಂದ ಗಳಿಗೆಯಲ್ಲೇ ಗೊತ್ತಾಗುತ್ತದೆ. ಬೀಜದ ಪಾಕೀಟು ಮೋಸವಾದರೆ ಗೊತ್ತಾಗುವುದು ಹೊಲದಲ್ಲಿ, ಹಲವು ವಾರಗಳ ಮೇಲೆ. ಆ ಹೊತ್ತಿಗೆ ಹದ ಕಳೆದಿರುತ್ತದೆ. ಮೊಹರು ಬೀಗವಲ್ಲ, ಸಾಕ್ಷಿ. ಆ ಸಾಕ್ಷಿಯನ್ನು ಕೇಳಿ ಬರೆದಿಟ್ಟುಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಎಷ್ಟು ದುಬಾರಿ ಮೊಹರಾದರೂ ರೈತನನ್ನು ಕಾಯಲಾರದು ಎಂಬುದೇ ಈ ಲೇಖನದ ವಾದ.

ಸಂಕರಣ ತಳಿಯ ತರಕಾರಿ ಬೀಜೋತ್ಪಾದನೆಗೆ ರಾಣೇಬೆನ್ನೂರು ಸೀಮೆ ದೇಶದಲ್ಲೇ ಹೆಸರುವಾಸಿ. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ‘ಕರ್ನಾಟಕ’ ಎಂಬ ಸಂಕರಣ ಟೊಮೆಟೊವನ್ನೂ ‘ಭಾರತ್’ ಎಂಬ ದೊಣ್ಣೆ ಮೆಣಸಿನಕಾಯಿಯನ್ನೂ ಬಿಡುಗಡೆ ಮಾಡಿದ ಮೇಲೆ ಈ ಬಗೆಯ ಬೀಜಕ್ಕೆ ಬೇಡಿಕೆ ಬೆಳೆಯಿತು. ರಾಣೇಬೆನ್ನೂರಿನ ಸುತ್ತಲ ಸಣ್ಣ ಹಿಡುವಳಿಗಳು ಬೀಜದ ಹೊಲಗಳಾದವು. ಇಲ್ಲಿಯವರ ಮಾತಿನಲ್ಲಿ ಈ ಕೆಲಸಕ್ಕೆ ‘ಕ್ರಾಸಿಂಗ್’ ಎಂದೇ ಹೆಸರು. ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುವ ಕೆಲಸ ಅದು. ಸಂಜೆ ಹೊತ್ತು, ಮರುದಿನ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೇಸರಗಳನ್ನು ಕಿತ್ತು ಹಾಕುತ್ತಾರೆ. ಬೆಳಿಗ್ಗೆ ಗಂಡು ಸಾಲಿನ ಪರಾಗ ತಂದು ಶಲಾಕಾಗ್ರಕ್ಕೆ ಮುಟ್ಟಿಸುತ್ತಾರೆ. ಹಾಗೆ ಕ್ರಾಸ್ ಆದ ಬೆಂಡಿ ಹೂವಿಗೆ ಬಣ್ಣದ ದಾರ ಕಟ್ಟುತ್ತಾರೆ, ಟೊಮೆಟೊ ಆದರೆ ಹೂವಿನ ಒಂದೆರಡು ಪುಷ್ಪಪತ್ರಗಳನ್ನು ಕತ್ತರಿಸಿ ಗುರುತು ಮಾಡುತ್ತಾರೆ. ಗುರುತಿಲ್ಲದ ಕಾಯಿ ಬೀಜಕ್ಕೆ ಸಲ್ಲದು. ಬೀಜದ ಬಾಳಿನ ಮೊದಲ ಮೊಹರು ಹೊಲದಲ್ಲೇ ಬೀಳುತ್ತದೆ ಎಂದರೆ ತಪ್ಪಾಗದು. ಅದು ಕೆಲಸ ಮಾಡುವುದು ದಾರಕ್ಕೆ ಬಲವಿರುವುದರಿಂದಲ್ಲ. ದಾರ ಕಟ್ಟಿದವರು, ಕಾಯಿ ಕೊಯ್ಯುವವರು, ತಪಾಸಣೆಗೆ ಬರುವವರು ಎಲ್ಲರಿಗೂ ಅದರ ಅರ್ಥ ತಿಳಿದಿರುವುದರಿಂದ.

ಅಲ್ಲಿಂದ ಮುಂದೆ ಬೀಜದ ನಿಜಗುಣ ಕಣ್ಣಿಗೆ ಮರೆಯಾಗುತ್ತದೆ. ಕ್ರಾಸ್ ಆದ ಬೀಜಕ್ಕೂ ತನ್ನಷ್ಟಕ್ಕೆ ಕಟ್ಟಿದ ಬೀಜಕ್ಕೂ ರೂಪದಲ್ಲಿ ಭೇದ ಕಾಣದು. ಮೊಳಕೆ ಪ್ರಮಾಣವನ್ನು ಮನೆಯಲ್ಲೂ ನೋಡಬಹುದು: ನೂರು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮೆಕ್ಕೆಜೋಳದ ಲೆಕ್ಕ 7 ದಿನಕ್ಕೆ, ಮೆಣಸಿನಕಾಯಿಯದು 14 ದಿನಕ್ಕೆ ಸಿಗುತ್ತದೆ. ಮೊದಲನೆಯದರ ಸಂಕರಣ ತಳಿಗೆ ಕನಿಷ್ಠ ಶೇ 90, ಎರಡನೆಯದಕ್ಕೆ ಶೇ 60 ಮೊಳಕೆ ಬೇಕೆಂಬುದು ನಿಗದಿಯಾದ ಮಟ್ಟ. ತಳಿಶುದ್ಧಿ ಹಾಗಲ್ಲ, ಅದನ್ನು ತಿಳಿಯಲು ಮಾದರಿಯನ್ನು ಬಿತ್ತಿ ಗಿಡ ಬೆಳೆಸಿ ನೋಡುವ ‘ಗ್ರೋ ಔಟ್’ ಪರೀಕ್ಷೆಯೇ ರೂಢಿ, ಅದಕ್ಕೆ ಒಂದು ಹಂಗಾಮು ಬೇಕು. ಅಂಗಡಿಯ ಕಟ್ಟೆಯ ಮುಂದೆ ನಿಂತ ರೈತನಿಗೆ ಈ ಎರಡು ಪರೀಕ್ಷೆಗೂ ಸಮಯವಿಲ್ಲ. ಆತ ಕೊಳ್ಳುವುದು ಲೇಬಲ್ಲಿನ ಮಾತನ್ನು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಚೀಲದ ಬಾಯಿ ತೆರೆದೇ ಇರುತ್ತದೆ. ಖರೀದಿದಾರ ಲಾಟಿನಿಂದ ಲಾಟಿಗೆ ನಡೆದು, ಕೈಹಾಕಿ, ಡಬ್ಬಿ ತಳಿಯೋ ಕಡ್ಡಿ ತಳಿಯೋ ನೋಡಿ, ಬಣ್ಣ, ತೇವ, ನೆರಿಗೆ ಪರೀಕ್ಷಿಸಿ ಆಮೇಲೆ ಟೆಂಡರ್ ಹಾಕುತ್ತಾನೆ. 2024ರ ಮಾರ್ಚ್ 11ರಂದು ಅಲ್ಲಿ ರೈತರ ಸಿಟ್ಟು ಹೊತ್ತಿ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದು ದರ ಕುಸಿದದ್ದಕ್ಕೆ. ಚೀಲದೊಳಗೆ ಏನಿದೆ ಎಂಬುದು ಅಲ್ಲಿ ತಕರಾರೇ ಆಗಿರಲಿಲ್ಲ. ಕಣ್ಣಿಗೆ ಕಾಣುವ ಸರಕಿಗೆ ಮೊಹರು ಬೇಡ, ಕಾಣದ ಸರಕಿಗೆ ಬೇಕು.

ಈ ತಿಳಿವಳಿಕೆ ಬಹಳ ಹಳೆಯದು. ಗುಜರಾತಿನ ಲೋಥಲ್‌ನಲ್ಲಿ ಸಿಂಧೂ ನಾಗರಿಕತೆಯ ಕಾಲದ ಉಗ್ರಾಣದ ಅವಶೇಷದಲ್ಲಿ ಸುಮಾರು 65 ಮಣ್ಣಿನ ಮುದ್ರೆಗಳು ಸಿಕ್ಕಿವೆ. ಒಂದು ಮಗ್ಗುಲಲ್ಲಿ ಮುದ್ರೆಯ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಅವು ಅಂಟಿಕೊಂಡಿದ್ದ ಬಟ್ಟೆ, ಹಗ್ಗ, ಚಾಪೆಗಳ ಅಚ್ಚು. ಕೌಟಿಲ್ಯನ ಅರ್ಥಶಾಸ್ತ್ರವು ಸುಂಕದ ಕಟ್ಟೆಗೆ ಮುದ್ರೆಯಿಲ್ಲದೆ ಬಂದ ಸರಕಿಗೆ ಎರಡು ಪಟ್ಟು, ಸುಳ್ಳು ಮುದ್ರೆ ಹೊತ್ತು ಬಂದ ಸರಕಿಗೆ ಸುಂಕದ ಎಂಟು ಪಟ್ಟು ದಂಡ ಹೇಳುತ್ತದೆ. ಮುದ್ರೆ ಇಲ್ಲದಿರುವುದಕ್ಕಿಂತ ಸುಳ್ಳು ಮುದ್ರೆ ನಾಲ್ಕು ಪಟ್ಟು ದೊಡ್ಡ ಅಪರಾಧ ಎಂಬ ಈ ಅಳತೆ ನಮ್ಮ ಕಾಲಕ್ಕೂ ಒಪ್ಪುವಂಥದು. ಮೊಹರಿಲ್ಲದ ಚೀಲವನ್ನು ಕೊಳ್ಳುವವರು ಸಂಶಯದಿಂದ ನೋಡುತ್ತಾರೆ, ಸುಳ್ಳು ಮೊಹರು ಆ ಸಂಶಯವನ್ನೇ ಕಿತ್ತುಕೊಳ್ಳುತ್ತದೆ.

ಆಧುನಿಕ ಮೊಹರಿನ ನಿಯಮಗಳು ಕಠಿಣವಾದದ್ದು ಒಂದು ದುರಂತದ ಮೇಲೆ. 1982ರಲ್ಲಿ ಅಮೆರಿಕದ ಶಿಕಾಗೊ ಸುತ್ತಮುತ್ತ ಅಂಗಡಿಯಲ್ಲಿದ್ದ ಟೈಲೆನಾಲ್ ಮಾತ್ರೆಯ ಬಾಟಲಿಗಳಿಗೆ ಯಾರೋ ಸಯನೈಡ್ ಬೆರೆಸಿದರು. 7 ಜನ ಸತ್ತರು. ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆಯಿತು, ಅದೇ ವರ್ಷ ಅಲ್ಲಿ ಔಷಧದ ಬಾಟಲಿಗೆ ತೆರೆದರೆ ತಿಳಿಯುವಂಥ ಮುಚ್ಚಿಗೆ ಕಡ್ಡಾಯವಾಯಿತು. ಆಟಿಕೆಯ ಡಬ್ಬಿಗೆ ಇಷ್ಟು ಗಮನ ಸಿಕ್ಕಿಲ್ಲ. ಭಾರತದಲ್ಲಿ 2020ರ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದು ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. 2023ರ ಜನವರಿಯಲ್ಲಿ ಭಾರತೀಯ ಮಾನಕ ಬ್ಯೂರೊ ದೊಡ್ಡ ದೊಡ್ಡ ಮಳಿಗೆಗಳಿಂದ ಗುರುತಿಲ್ಲದ 18,600 ಆಟಿಕೆಗಳನ್ನು ವಶಪಡಿಸಿಕೊಂಡದ್ದು ಸುದ್ದಿಯಾಯಿತು. ಆದರೆ ಈ ಆದೇಶದ ನೋಟ ಆಟಿಕೆಯ ಮೇಲಿದೆ, ಡಬ್ಬಿಯ ಬಾಯಿಯ ಮೇಲಿಲ್ಲ. ಗಿರಾಕಿ ಹಿಂದಿರುಗಿಸಿದ ಡಬ್ಬಿಗೆ ಮತ್ತೆ ಟೇಪು ಹಚ್ಚಿ ಮಾರಿದರೆ, ಒಳಗಿನ ಒಂದು ಭಾಗ ಬದಲಾಗಿದ್ದರೆ, ಸಡಿಲವಾದ ಗುಂಡಿ ಬ್ಯಾಟರಿ ಕೂಸಿನ ಬಾಯಿಗೆ ಹೋದರೆ, ಡಬ್ಬಿಯ ಮೇಲಿನ ಗುರುತು ಸಾಚಾ ಆಗಿದ್ದೂ ಪ್ರಯೋಜನವಿಲ್ಲ. ಬೀಜದ ಕಾಯ್ದೆ ಈ ವಿಷಯದಲ್ಲಿ ಆಟಿಕೆಯ ಆದೇಶಕ್ಕಿಂತ ಮುಂದಿದೆ. ಅದು ಚೀಲದ ಬಾಯಿಯನ್ನೂ ಗಮನಕ್ಕೆ ತಂದುಕೊಂಡಿದೆ.

1966ರ ಬೀಜ ಕಾಯ್ದೆ, 1968ರ ಬೀಜ ನಿಯಮಗಳು, 1983ರ ಬೀಜ ನಿಯಂತ್ರಣ ಆದೇಶ ಇವು ಮೂರೂ ಸೇರಿ ಪಾಕೀಟಿನ ರೂಪವನ್ನು ನಿರ್ಧರಿಸಿವೆ. ತಳಿವರ್ಧಕ ಬೀಜಕ್ಕೆ ಹೊಂಬಣ್ಣದ ಟ್ಯಾಗು, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಕಂಪನಿ ತನ್ನ ಹೊಣೆಯ ಮೇಲೆ ಮಾರುವ ಬೀಜಕ್ಕೆ ಎಳೆಹಸಿರು ಲೇಬಲ್. ಅದರಲ್ಲಿ ಬೆಳೆ, ತಳಿ, ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನ, ತೂಕ, ತಯಾರಕರ ವಿಳಾಸ ಇರಬೇಕು. ಪ್ರಮಾಣಿತ ಬೀಜದ ಅವಧಿ ಮೊದಲ ಬಾರಿಗೆ 9 ತಿಂಗಳು. ಪ್ರಮಾಣಿತ ಬೀಜದ ಚೀಲವನ್ನು ಹತ್ತಿರದಿಂದ ನೋಡಿದರೆ ಇದರ ಲೆಕ್ಕಾಚಾರ ತಿಳಿಯುತ್ತದೆ. ಬಾಯಿಗೆ ಸರಪಳಿ ಹೊಲಿಗೆ. ಟ್ಯಾಗು ಆ ಹೊಲಿಗೆಯೊಳಗೇ ಸಿಕ್ಕಿಕೊಂಡಿರುತ್ತದೆ. ಅದರ ಮೇಲೆ ಇಕ್ಕಳದಿಂದ ಒತ್ತಿದ ಸೀಸದ ಬಿಲ್ಲೆ. ಸರಪಳಿ ಹೊಲಿಗೆಯ ದಾರವನ್ನು ಒಂದು ತುದಿಯಿಂದ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಬರಿಯ ಹೊಲಿಗೆ ಸಾಲದೆ ಬಿಲ್ಲೆ ಬೇಕಾಯಿತು. ಮತ್ತೆ ಹೊಲಿದ ಚೀಲದಲ್ಲಿ ಹಳೆಯ ಸೂಜಿಯ ತೂತುಗಳು ಹೊಸ ಹೊಲಿಗೆಯ ಪಕ್ಕದಲ್ಲಿ ಉಳಿದಿರುತ್ತವೆ. ಚಿಕ್ಕ ಪಾಕೀಟಾದರೆ ಅಂಚಿನ ಒತ್ತುಗೆರೆಗಳನ್ನು ನೋಡಬೇಕು: ಕಾರ್ಖಾನೆಯ ಯಂತ್ರ ಒತ್ತಿದ ಗೆರೆಗಳು ಎರಡೂ ತುದಿಯಲ್ಲಿ ಒಂದೇ ಅಗಲ, ಒಂದೇ ನೇರ. ಎರಡನೇ ಸಲ ಮುಚ್ಚಿದ ತುದಿ ಸಾಮಾನ್ಯವಾಗಿ ಸೊಟ್ಟಗಿರುತ್ತದೆ, ಪಾಕೀಟು ಒಂದಿಷ್ಟು ಗಿಡ್ಡವಾಗಿರುತ್ತದೆ. ಈ ಚಿಹ್ನೆಗಳನ್ನು ಓದಲು ಯಂತ್ರ ಬೇಡ, ಬೆಳಕು ಮತ್ತು ಎರಡು ನಿಮಿಷ ಸಾಕು.

ಬೀಜದ ಮೋಸ ಒಂದೇ ಬಗೆಯದಲ್ಲ. ಅವುಗಳನ್ನು ಬೇರೆಬೇರೆ ನೋಡದ ಕಾರಣಕ್ಕೇ ಚರ್ಚೆ ದಾರಿ ತಪ್ಪುತ್ತದೆ. ಅಸಲಿ ಚೀಲವನ್ನು ಬಿಚ್ಚಿ, ಒಂದಿಷ್ಟು ತೆಗೆದು, ಕಾಳು ಬೆರೆಸಿ ಮತ್ತೆ ಮುಚ್ಚುವುದು ಒಂದು. ಖಾಲಿಯಾದ ಅಸಲಿ ಪಾಕೀಟಿಗೆ ಅಥವಾ ಚೀಲಕ್ಕೆ ಬೇರೆ ಬೀಜ ತುಂಬುವುದು ಇನ್ನೊಂದು. ಹೆಸರಾಂತ ಕಂಪನಿಯ ಪಾಕೀಟನ್ನೇ ಹೋಲುವ ಹೊಸ ಪಾಕೀಟು ಅಚ್ಚು ಹಾಕಿಸಿ, ಮಾರುಕಟ್ಟೆಯ ಮೆಕ್ಕೆಜೋಳಕ್ಕೆ ಬೀಜೋಪಚಾರದ ಕೆಂಪು ಬಣ್ಣ ಬಳಿದು ತುಂಬುವುದು ಮೂರನೆಯದು. ದೇಶದಲ್ಲಿ ಅನುಮತಿಯೇ ಇಲ್ಲದ, ಕಳೆನಾಶಕ ತಡೆಯುವ ಹತ್ತಿ ಬೀಜ ಹಲವು ರಾಜ್ಯಗಳಲ್ಲಿ ಗುಟ್ಟಾಗಿ ಮಾರಾಟವಾಗುವುದೂ ಇಂಥ ಮನೆಯಲ್ಲೇ ಹುಟ್ಟಿದ ಹೆಸರಿನ ಪಾಕೀಟುಗಳಲ್ಲಿ. ಮೊಹರು ತಡೆಯಬಲ್ಲದ್ದು ಮೊದಲ ಬಗೆಯನ್ನು ಮಾತ್ರ. ಮೂರನೆಯದರಲ್ಲಿ ಮೊಹರು ಒಡೆದಿರುವುದೇ ಇಲ್ಲ. ನಕಲಿ ಪಾಕೀಟಿನ ಮೊಹರು ಎಲ್ಲಕ್ಕಿಂತ ಹೊಸದಾಗಿ, ಎಲ್ಲಕ್ಕಿಂತ ಗಟ್ಟಿಯಾಗಿ ಇರಬಲ್ಲದು. ಹಾವೇರಿ ಜಿಲ್ಲೆಯ ಹಿರೇಕೆರೂರಿನ ಬಿ.ಸಿ. ಪಾಟೀಲರು ಕೃಷಿ ಸಚಿವರಾಗಿದ್ದಾಗ 2020ರಲ್ಲಿ ಜಾಗೃತ ದಳಗಳು ರಾಜ್ಯದ ಹಲವೆಡೆ ನಕಲಿ ಬೀಜದ ದಾಸ್ತಾನಿನ ಮೇಲೆ ದಾಳಿ ನಡೆಸಿದವು. ಇಂಥ ದಾಳಿ ಗೋದಾಮಿನವರೆಗೆ ಹೋಗಲೇಬೇಕಾದದ್ದು ಇದೇ ಕಾರಣಕ್ಕೆ: ಅಂಗಡಿಯ ಕಪಾಟಿನಲ್ಲಿ ಪಾಕೀಟು ನೋಡಿದರೆ ಮೋಸ ಕಾಣದು.

ಹಾಗಾದರೆ ಇನ್ನೂ ಗಟ್ಟಿ ಮೊಹರು ಮಾಡಿದರಾಯಿತಲ್ಲ ಎಂಬ ಮಾತು ಸಹಜ. ಅಮೆರಿಕದ ಲಾಸ್ ಅಲಮೊಸ್ ಮತ್ತು ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯಗಳಲ್ಲಿ ರೋಜರ್ ಜಾನ್ಸ್‌ಟನ್ ಮತ್ತು ಸಂಗಡಿಗರು ವರ್ಷಗಟ್ಟಲೆ 200ಕ್ಕೂ ಹೆಚ್ಚು ಬಗೆಯ ಮೊಹರುಗಳನ್ನು ಪರೀಕ್ಷಿಸಿದರು. ಅಣುಸಾಮಗ್ರಿ ಕಾಯುವ ಮೊಹರುಗಳೂ ಅದರಲ್ಲಿದ್ದವು. ಸಾಧಾರಣ ಉಪಕರಣಗಳಿಂದ, ಬಹುಪಾಲು ಕೆಲವೇ ನಿಮಿಷಗಳಲ್ಲಿ, ಎಲ್ಲವನ್ನೂ ಗುರುತು ಸಿಗದಂತೆ ದಾಟಬಹುದಿತ್ತು. ಅವರ ತೀರ್ಮಾನ ನಿರಾಶೆಯದಲ್ಲ; ಮೊಹರು ಹಚ್ಚುವವರಿಗೂ ಪರೀಕ್ಷಿಸುವವರಿಗೂ ತರಬೇತಿ ಇದ್ದರೆ, ಸಂಖ್ಯೆಯ ಲೆಕ್ಕವಿದ್ದರೆ, ಸಾಧಾರಣ ಮೊಹರೂ ಒಳ್ಳೆಯ ಕೆಲಸ ಮಾಡುತ್ತದೆ ಎಂಬುದು ಅದರ ಸಾರ. ಇದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಚುನಾವಣೆಯ ಮತಯಂತ್ರಕ್ಕೆ ಹಚ್ಚುವುದು ಕಾಗದದ ಪಟ್ಟಿ. ಅದನ್ನು ಹರಿಯಲು ಮಗುವಿನ ಬೆರಳು ಸಾಕು. ಆದರೂ ಅದಕ್ಕೆ ಬೆಲೆಯಿದೆ, ಯಾಕೆಂದರೆ ಪ್ರತಿ ಪಟ್ಟಿಗೂ ಸಂಖ್ಯೆಯಿದೆ, ಅದರ ಮೇಲೆ ಎದುರಾಳಿ ಪಕ್ಷಗಳ ಏಜೆಂಟರು ಸಹಿ ಹಾಕುತ್ತಾರೆ, ಸಂಖ್ಯೆ 17ಸಿ ನಮೂನೆಯಲ್ಲಿ ದಾಖಲಾಗಿ ಎಲ್ಲರ ಕೈಗೂ ಪ್ರತಿ ಸಿಗುತ್ತದೆ, ಎಣಿಕೆಯ ದಿನ ಮತ್ತೆ ತಾಳೆ ನೋಡುತ್ತಾರೆ. ಕಾಗದದ ಬಲ ಅಲ್ಲ, ಹಲವರ ಕೈಯಲ್ಲಿರುವ ದಾಖಲೆಯ ಬಲ.

ಇದೇ ಅಳತೆಯಿಂದ ಕ್ಯೂಆರ್ ಕೋಡನ್ನೂ ನೋಡಬೇಕು. ಕೇಂದ್ರ ಕೃಷಿ ಇಲಾಖೆ 2023ರ ಏಪ್ರಿಲ್ 19ರಂದು ‘ಸಾಥಿ’ ಎಂಬ ಜಾಲತಾಣವನ್ನು ಆರಂಭಿಸಿತು. ಬೀಜದ ಚೀಲದ ಮೇಲಿನ ಕೋಡಿನಿಂದ ಅದು ಎಲ್ಲಿ ಬೆಳೆದದ್ದು, ಎಲ್ಲಿ ಸಂಸ್ಕರಣೆಯಾದದ್ದು, ಯಾರ ಕೈ ದಾಟಿ ಬಂದದ್ದು ಎಂದು ತಿಳಿಯುವಂತೆ ಮಾಡುವುದು ಅದರ ಉದ್ದೇಶ. ಉದ್ದೇಶ ಸರಿಯಾದದ್ದೇ. ಆದರೆ ಕೋಡು ಕೂಡ ಕಾಗದದ ಮೇಲಿನ ಮಸಿ. ಒಂದು ಅಸಲಿ ಪಾಕೀಟಿನ ಕೋಡನ್ನು ಸಾವಿರ ನಕಲಿ ಪಾಕೀಟಿಗೆ ಅಚ್ಚು ಹಾಕಬಹುದು, ಸ್ಕ್ಯಾನ್ ಮಾಡಿದರೆ ಎಲ್ಲವೂ ಅಸಲಿ ಎಂದೇ ತೋರಿಸುತ್ತವೆ. ಪ್ರತಿ ಪಾಕೀಟಿಗೂ ಬೇರೆ ಸಂಖ್ಯೆಯಿದ್ದು, ಮಾರಾಟವಾದ ಕೂಡಲೇ ಅದು ಮಾರಾಟವಾಯಿತೆಂದು ದಾಖಲಾಗಿ, ಎರಡನೇ ಸಲ ಬಂದರೆ ಎಚ್ಚರಿಸುವಂತಿದ್ದರೆ ಮಾತ್ರ ಕೋಡು ಸಾಕ್ಷಿಯಾಗುತ್ತದೆ. ಆ ದಾಖಲೆಯಾಗಬೇಕಾದದ್ದು ಅಂಗಡಿಯ ಗಲ್ಲೆಯ ಮುಂದೆ, ಬಿಲ್ ಹರಿಯುವ ಹೊತ್ತಿನಲ್ಲಿ. ಬಿಲ್ ಇಲ್ಲದೆ ಉದ್ರಿ ಕೊಡುವ ಅಂಗಡಿಯಲ್ಲಿ ಕೋಡಿಗೆ ಕೆಲಸವೇ ಇಲ್ಲ.

ಮೊಹರು ಅಸಲಿಯಾಗಿದ್ದೂ ಬೆಳೆ ಕೈಕೊಟ್ಟರೆ ಇಷ್ಟೆಲ್ಲ ಯಾಕೆ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಅದು ಹಾವೇರಿಯ ಅನುಭವದಿಂದಲೇ ಹುಟ್ಟಿದ್ದು. 2013-14ರಲ್ಲಿ ‘ಕನಕ’ ಹೆಸರಿನ ಬಿ.ಟಿ. ಹತ್ತಿ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ವಿಫಲವಾಗಿ, ರೈತರು ಬೀದಿಗಿಳಿದು, ರಾಜ್ಯ ಸರ್ಕಾರ ಕಂಪನಿಯ ಮೇಲೆ ಕ್ರಮಕ್ಕೆ ಮುಂದಾಯಿತು. ಅಲ್ಲಿ ವಾದ ನಡೆದದ್ದು ಬೀಜದ ಗುಣವೋ ಹವಾಮಾನವೋ ಎಂಬುದರ ಮೇಲೆ. ಮೊಹರು ಒಳಗಿನ ವಸ್ತುವಿನ ಗುಣಕ್ಕೆ ಜಾಮೀನಲ್ಲ, ನಿಜ. ಆದರೆ ಅದು ಒಂದು ಪ್ರಶ್ನೆಯನ್ನು ಮುಗಿಸಿಬಿಡುತ್ತದೆ: ಈ ಬೀಜ ಯಾರದು. ಪಾಕೀಟು ಅಸಲಿ ಎಂದು ಸಾಬೀತಾದರೆ ಹೊಣೆ ನೇರವಾಗಿ ತಯಾರಕರ ಮೇಲೆ ಬೀಳುತ್ತದೆ. ಅನುಮಾನವಿದ್ದರೆ ಕಂಪನಿ ‘ಇದು ನಮ್ಮದಲ್ಲ’ ಎನ್ನಬಹುದು, ಅಂಗಡಿಯವನು ‘ನಾನು ಕೊಟ್ಟದ್ದಲ್ಲ’ ಎನ್ನಬಹುದು. ಬೀಜ ಕೈಕೊಟ್ಟಾಗಲೇ ಮೊಹರು ಹೆಚ್ಚು ಬೇಕಾಗುವುದು.

ಇಂಥ ನಿಯಮಗಳೆಲ್ಲ ಸಣ್ಣವರ ಕುತ್ತಿಗೆ ಹಿಸುಕುತ್ತವೆ ಎಂಬ ಆತಂಕಕ್ಕೆ ಹೆಚ್ಚು ತೂಕವಿದೆ. ಆಟಿಕೆಯ ಆದೇಶ ಬಂದಾಗ ಚನ್ನಪಟ್ಟಣ, ಕಿನ್ನಾಳದಂಥ ಊರುಗಳ ಕುಶಲಕರ್ಮಿಗಳ ಬಗ್ಗೆ ಇದೇ ಮಾತು ಬಂತು. 2020ರ ಡಿಸೆಂಬರಿನಲ್ಲಿ ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಬಳಕೆದಾರರಿಗೂ ವಿನಾಯಿತಿ ಸಿಕ್ಕಿತು. ಬೀಜದಲ್ಲಿ ಈ ಗೆರೆಯನ್ನು ಕಾನೂನು ಇನ್ನೂ ಚೆನ್ನಾಗಿ ಎಳೆದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರಿನ ಲೇಬಲ್ ಹಚ್ಚಿ ಪಾಕೀಟು ಮಾಡಿ ಮಾತ್ರ ಮಾರುವಂತಿಲ್ಲ. ಬ್ಯಾಡಗಿ ಸೀಮೆಯ ಡಬ್ಬಿ, ಕಡ್ಡಿ ಮೆಣಸಿನಕಾಯಿ ಬೀಜವನ್ನು ಒಳ್ಳೆಯ ಹಣ್ಣು ಆರಿಸಿ ಮನೆಯಲ್ಲೇ ತೆಗೆದಿಡುವ ಪದ್ಧತಿ ಈ ಹಕ್ಕಿನೊಳಗಿದೆ. ನೆರೆಯವರ ಹೊಲ ಕಂಡಿದ್ದ ರೈತ ಆ ಬೀಜ ಪಡೆಯುವಾಗ ಮೊಹರು ಕೇಳುವುದಿಲ್ಲ; ಕೇಳಬೇಕಾಗಿಯೂ ಇಲ್ಲ. ಹೆಸರು ತಿಳಿಯದ ಊರಿನಿಂದ, ಹೆಸರು ನೋಡಿ ಕೊಳ್ಳುವ ಬೀಜಕ್ಕೆ ಮೊಹರು ಬೇಕು. ಈ ಎರಡನ್ನು ಬೆರೆಸಿ, ನಕಲಿ ತಡೆಯುವ ನೆಪದಲ್ಲಿ ರೈತರ ಬೀಜ ವಿನಿಮಯಕ್ಕೇ ಕಡಿವಾಣ ಹಾಕುವುದು ಅನ್ಯಾಯ.

ಉಳಿದದ್ದು ಪಾಕೀಟು ಕೈಗೆ ಬಂದ ಮೇಲಿನ ಮಾತು. ಅಲ್ಲೇ ದೊಡ್ಡ ಇಕ್ಕಟ್ಟಿದೆ. ರೋಹಿಣಿ, ಮೃಗಶಿರ ಮಳೆ ಬಿದ್ದ ವಾರದಲ್ಲಿ ಅಂಗಡಿಯ ಮುಂದೆ ನಿಂತವರಿಗೆ ಒತ್ತುಗೆರೆ ನೋಡುವ ವ್ಯವಧಾನ ಇರುವುದಿಲ್ಲ. ಬಿತ್ತನೆಯ ಅವಸರ ಎಷ್ಟು ತೀವ್ರ ಎಂಬುದನ್ನು ಹಾವೇರಿ ನೋಡಿದೆ: 2008ರ ಜೂನ್ 10ರಂದು ಗೊಬ್ಬರಕ್ಕಾಗಿ ನಡೆದ ಪ್ರತಿಭಟನೆಯ ಮೇಲೆ ಪೊಲೀಸರು ಗುಂಡು ಹಾರಿಸಿ, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಅವಸರದಲ್ಲಿ ಕೊಂಡದ್ದಕ್ಕೆ ಸಾಕ್ಷಿಯಾಗಿ ಉಳಿಯುವುದು ಬಿಲ್ಲು ಮತ್ತು ಖಾಲಿ ಪಾಕೀಟು. ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಬಹುದು ಎಂದಿತು. ಪರೀಕ್ಷೆಗೆಂದು ಬೀಜ ಉಳಿಸಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ರೈತನ ದೂರು ಬಿದ್ದುಹೋಗದು ಎಂಬುದನ್ನೂ ಸ್ಪಷ್ಟಪಡಿಸಿತು. ಕೃಷಿ ಇಲಾಖೆಯವರು ಚೀಲವನ್ನು ತಳದಲ್ಲಿ ಕತ್ತರಿಸಿ, ಬಾಯಿಯ ಹೊಲಿಗೆ, ಟ್ಯಾಗು, ಬಿಲ್ಲೆ ಹಾಗೇ ಇರುವಂತೆ ತೆರೆಯಲು ಹೇಳುವುದು ಇದಕ್ಕೇ. ಆದರೆ ಹಾಗೆ ಚೆನ್ನಾಗಿ ಉಳಿಸಿದ ಪಾಕೀಟೇ ಗುಜರಿಗೆ ಹೋದರೆ ನಕಲಿಯವರಿಗೆ ಸಿದ್ಧ ಸಾಮಗ್ರಿಯಾಗುತ್ತದೆ. ಸುಗ್ಗಿಯವರೆಗೆ ಅದು ರೈತನ ಸಾಕ್ಷಿ, ಸುಗ್ಗಿಯ ಮರುದಿನದಿಂದ ಮೋಸಗಾರನ ಬಂಡವಾಳ. ಔಷಧದ ಖಾಲಿ ಡಬ್ಬಿಗೆ ಇರುವಷ್ಟು ಎಚ್ಚರವೂ ಬೀಜದ ಖಾಲಿ ಪಾಕೀಟಿಗೆ ನಮ್ಮಲ್ಲಿ ಬೆಳೆದಿಲ್ಲ.

ಶಿಕ್ಷೆಯ ವಿಷಯಕ್ಕೆ ಬಂದರೆ, 1966ರ ಕಾಯ್ದೆಯ 19ನೇ ಕಲಂ ಮೊದಲ ತಪ್ಪಿಗೆ ಹೇಳಿರುವ ದಂಡ ಹೆಚ್ಚೆಂದರೆ 500 ರೂಪಾಯಿ. ಮತ್ತೆ ಮಾಡಿದರೆ 6 ತಿಂಗಳವರೆಗೆ ಸಜೆ, 1,000 ರೂಪಾಯಿವರೆಗೆ ದಂಡ. 2025-26ಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ 475 ಗ್ರಾಂ ಬಿ.ಟಿ. ಹತ್ತಿ ಪಾಕೀಟಿನ ಗರಿಷ್ಠ ಬೆಲೆ 901 ರೂಪಾಯಿ. ಒಂದು ಪಾಕೀಟಿನ ಬೆಲೆಯಷ್ಟೂ ಇಲ್ಲ ಆ ಮೊದಲ ದಂಡ. ನಿಯಂತ್ರಣ ಆದೇಶದ ಉಲ್ಲಂಘನೆಗೆ ಅಗತ್ಯ ವಸ್ತುಗಳ ಕಾಯ್ದೆಯಡಿ 7 ವರ್ಷದವರೆಗೆ ಸಜೆಗೆ ಅವಕಾಶವಿದೆ ಎಂಬುದು ನಿಜ. ಆ ಕಾಯ್ದೆಯಡಿ ಮೊಕದ್ದಮೆ ನಿಲ್ಲಬೇಕಾದರೂ ಬೇಕಾಗುವುದು ಅದೇ ಬಿಲ್ಲು, ಅದೇ ಟ್ಯಾಗು, ಅದೇ ಲಾಟ್ ಸಂಖ್ಯೆ.

ರೈತ ಸಂಪರ್ಕ ಕೇಂದ್ರಗಳೂ ಬೀಜದಂಗಡಿಗಳೂ ಸುಗ್ಗಿ ಮುಗಿದ ಮೇಲೆ ಖಾಲಿ ಪಾಕೀಟುಗಳನ್ನು ಲೆಕ್ಕ ಹಿಡಿದು ಹಿಂದಕ್ಕೆ ಪಡೆದು ನಾಶಪಡಿಸುವ ಏರ್ಪಾಡು ಆಗಬೇಕು; ಕಂಪನಿಗಳು ಅದರ ಖರ್ಚು ಹೊರಬೇಕು. ಅದು ಆಗುವವರೆಗೆ ಬೀಜ ಕೊಳ್ಳುವ ಪ್ರತಿಯೊಬ್ಬರೂ ಲಾಟ್ ಸಂಖ್ಯೆ ಬರೆದ ಬಿಲ್ಲು ಕೇಳಿ ಪಡೆಯಿರಿ, ಪಾಕೀಟನ್ನು ತಳದಲ್ಲಿ ಕತ್ತರಿಸಿ, ಫಸಲು ಮನೆಗೆ ಬರುವ ತನಕ ಕಾದಿಡಿ, ಆಮೇಲೆ ಲೇಬಲ್ಲಿನ ನಟ್ಟನಡುವೆ ಅದನ್ನು ಎರಡು ತುಂಡು ಮಾಡಿ.